ಪುಟ್ಟ ಎಂಜಿನ್ನಿಗೆ ಯಾವ ದನಿ?

ಕನ್ನಡದ ಮಕ್ಕಳು ರೈಲಾಟ ಆಡುವಾಗ ಹೊರಡಿಸುವ ಸದ್ದು ‘ಚುಕುಬುಕು’. ಅಕ್ಷರ ಎಣಿಸಿದರೆ ನಾಲ್ಕು. ಎರಡು ಸಿಲಿಂಡರಿನ ಉಗಿ ಎಂಜಿನ್ನಿನ ದೊಡ್ಡ ಗಾಲಿ ಒಂದು ಸುತ್ತು ತಿರುಗುವಷ್ಟರಲ್ಲಿ ಅದರ ಚಿಮಣಿಯಿಂದ ಹೊರಬೀಳುವ ಉಸಿರೂ ನಾಲ್ಕೇ. ಪ್ರತಿ ಸಿಲಿಂಡರಿನಲ್ಲೂ ಉಗಿ ಪಿಸ್ಟನ್ನನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತಳ್ಳುತ್ತದೆ. ಕೆಲಸ ಮುಗಿಸಿ ಎರಡು ಸಲವೂ ಸದ್ದು ಮಾಡುತ್ತಲೇ ಹೊರಗೆ ಹೋಗುತ್ತದೆ.

ಎಲ್ಲ ಎಂಜಿನ್ನುಗಳೂ ಹೀಗಲ್ಲ. ನೈಜೆಲ್ ಗ್ರೆಸ್ಲಿ ರೂಪಿಸಿದ, 1938ರ ಜುಲೈಯಲ್ಲಿ ಗಂಟೆಗೆ 126 ಮೈಲಿ ವೇಗ ಮುಟ್ಟಿದ ಇಂಗ್ಲೆಂಡಿನ ‘ಮ್ಯಾಲರ್ಡ್’ಗೆ ಮೂರು ಸಿಲಿಂಡರು. ಆದ್ದರಿಂದ ಸುತ್ತಿಗೆ ಆರು ಉಸಿರು. ಈಗ ಅದು ಯಾರ್ಕ್ ನಗರದ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಸುಮ್ಮನೆ ನಿಂತಿದೆ.

ಅದೇ ಊರಿನ ಒಬ್ಬ ಹುಡುಗನ ಬಳಿ ಮ್ಯಾಲರ್ಡಿನ ಪುಟ್ಟ ಮಾದರಿಯಿದೆ. ಅಸಲಿನ ಎಪ್ಪತ್ತಾರರಲ್ಲಿ ಒಂದು ಪಾಲು ಗಾತ್ರ, ಓಡುವುದು 16.5 ಮಿಲಿಮೀಟರ್ ಅಗಲದ ಹಳಿಯ ಮೇಲೆ. ಅದಕ್ಕೆ ದನಿ ಕೊಡಲೆಂದು ಅವನು ತಿಂಗಳುಗಟ್ಟಲೆ ದುಡ್ಡು ಕೂಡಿಟ್ಟ. ಕೇಳಿಸಬೇಕಾದದ್ದು ತಾತನಿಗೆ. ಬಾಲ್ಯದಲ್ಲಿ ಹಳಿಯ ಬದಿ ನಿಂತು ಆ ಎಂಜಿನ್ನುಗಳನ್ನು ಕಂಡ ತಾತನಿಗೆ ಈಗ ಕಣ್ಣು ಮಂಜು. ಮೇಜಿನ ಮೇಲಿನ ರೈಲು ಅವರ ಪಾಲಿಗೆ ಬರೀ ಸದ್ದು.

ದನಿ ಕೊಡುವುದು ಡಿಕೋಡರ್ ಎಂಬ ಉಗುರಗಲದ ಬಿಲ್ಲೆ. ಹಳಿಯಲ್ಲಿ ಕರೆಂಟಿನ ಜೊತೆಗೇ ಡಿಜಿಟಲ್ ಆಜ್ಞೆಗಳು ಹರಿಯುತ್ತವೆ. ಪ್ರತಿ ಡಿಕೋಡರಿಗೂ ಒಂದು ಸಂಖ್ಯೆ; ತನ್ನ ಸಂಖ್ಯೆಗೆ ಬಂದ ಆಜ್ಞೆಯನ್ನಷ್ಟೇ ಅದು ಪಾಲಿಸುತ್ತದೆ. ಜರ್ಮನಿಯ ಲೆಂಜ್ ಸಂಸ್ಥೆಯ ಪದ್ಧತಿಯನ್ನು ಆಧರಿಸಿ ಅಮೆರಿಕದ ಮಾದರಿ ರೈಲು ಸಂಘ 1990ರ ದಶಕದಲ್ಲಿ ಇದಕ್ಕೊಂದು ಮಾನದಂಡ ರೂಪಿಸಿತು. ಹಾಗಾಗಿ ಒಬ್ಬರ ಬಿಲ್ಲೆ ಇನ್ನೊಬ್ಬರ ನಿಯಂತ್ರಕಕ್ಕೂ ಒಗ್ಗುತ್ತದೆ.

ಅಂಗಡಿಯಲ್ಲಿ ಹುಡುಗನ ಕಣ್ಣು ಹೋದದ್ದು ಸದ್ದುಗಳ ಪಟ್ಟಿ ಉದ್ದವಿದ್ದ ಡಿಕೋಡರಿನ ಮೇಲೆ. ಸಿಳ್ಳು, ಗಂಟೆ, ಕಲ್ಲಿದ್ದಲು ಎತ್ತಿಹಾಕುವ ಸದ್ದು, ಏನುಂಟು ಏನಿಲ್ಲ! ತಾತ ಬೆರಳಲ್ಲಿ ಮೇಜು ತಟ್ಟುತ್ತ ಕೇಳಿದರು.

“ನಿಧಾನಕ್ಕೆ ಓಡಿಸು ಮಗು. ಸುತ್ತಿಗೆ ಎಷ್ಟಾಯಿತು?”

“ನಾಲ್ಕು, ತಾತ.”

“ಹಾಗಾದರೆ ಇದು ಬೇರೆ ಯಾವುದೋ ಎಂಜಿನ್ನಿನ ದನಿ.”

ಉಸಿರಿನ ಲೆಕ್ಕವನ್ನು ಡಿಕೋಡರಿನಲ್ಲಿ ಬದಲಿಸಬಹುದು. ಆದರೆ ಬೇರೆ ಎಂಜಿನ್ನಿನ ಗಂಟಲು ಹಾಗೇ ಉಳಿಯುತ್ತದೆ. ಅದೇ ಜಾತಿಯ, ಸಾಧ್ಯವಾದರೆ ಅದೇ ಎಂಜಿನ್ನಿನ ಧ್ವನಿಮುದ್ರಣ ಇರುವುದನ್ನು ಹುಡುಕುವುದು ಮೊದಲ ಕೆಲಸ. ಆಮೇಲೆ ಅಳತೆ: ಬಾಯ್ಲರಿನೊಳಗೋ ಹಿಂದಿನ ಟೆಂಡರಿನೊಳಗೋ ಅದು ಹಿಡಿಸಬೇಕು, ಪ್ಲಗ್ಗು ಹೊಂದಬೇಕು. ತಡೆಬಿದ್ದ ಮೋಟಾರು ಎಳೆಯುವಷ್ಟು ಕರೆಂಟನ್ನು ಅದು ತಾಳಿಕೊಳ್ಳಬೇಕು. ಕೊನೆಯದು ಸ್ಪೀಕರು. ಜಾಗ ಇರುವಷ್ಟು ದೊಡ್ಡದನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು ಕೂರಿಸಬೇಕು. ಬಿಚ್ಚಿಟ್ಟರೆ ಮುಂದಿನ ಅಲೆಯನ್ನು ಹಿಂದಿನ ಅಲೆ ನುಂಗಿ, ದನಿ ತೆಳ್ಳಗಾಗುತ್ತದೆ.

ಹುಡುಗ ಕೊನೆಗೆ ಕೊಂಡದ್ದು ಸದ್ದುಗಳ ಪಟ್ಟಿ ಚಿಕ್ಕದಿದ್ದ, ಆರು ಉಸಿರಿನ ಡಿಕೋಡರು. ಉಳಿದ ದುಡ್ಡು ಒಳ್ಳೆಯ ಸ್ಪೀಕರಿಗೆ ಸಾಕಾಯಿತು.

ಬ್ರಿಟಿಷ್ ರೈಲ್ವೆಯ ಮುಖ್ಯ ಮಾರ್ಗಗಳಲ್ಲಿ ಉಗಿ ಎಂಜಿನ್ನುಗಳ ನಿತ್ಯದ ಓಡಾಟ ನಿಂತದ್ದು 1968ರ ಆಗಸ್ಟಿನಲ್ಲಿ. ಆ ದಿನಗಳನ್ನು ಕಿವಿಯಾರೆ ಕೇಳಿದವರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ತಪ್ಪು ದನಿಯನ್ನು ತಪ್ಪೆಂದು ಹೇಳಬಲ್ಲ ಹಿರಿಯರು ಮನೆಯಲ್ಲಿ ಇರುವಾಗಲೇ ಮಕ್ಕಳು ಕೇಳಿ ಕಲಿಯಬೇಕು. ಇಂಥ ಆಟಿಕೆ ಕೊಳ್ಳಲು ಹೊರಟ ತಂದೆತಾಯಿಗಳು ಬೆಲೆಪಟ್ಟಿಯ ಜೊತೆಗೆ ಮನೆಯ ಅಜ್ಜನನ್ನೂ ಅಂಗಡಿಗೆ ಕರೆದೊಯ್ಯುವುದು ಒಳ್ಳೆಯದು.