ಒಂದು ಕ್ರಿಸ್‌ಮಸ್ ಕಾರ್ಡಿನ ಕಲೆ

ಡಿಸೆಂಬರ್ ತಿಂಗಳ ಮೊದಲ ವಾರ ಕಳೆಯಿತೆಂದರೆ ನಮ್ಮ ಮನೆಯ ಅಟ್ಟದಿಂದ ಹಳೆಯ ಬಿಸ್ಕತ್ತಿನ ಡಬ್ಬಿಯೊಂದು ಕೆಳಗಿಳಿಯುತ್ತದೆ. ಗೋದಲಿಯಲ್ಲಿಡುವ ಮಣ್ಣಿನ ಗೊಂಬೆಗಳು, ಒಂದು ಕಿವಿ ಮುರಿದ ಕತ್ತೆ, ಹತ್ತಿಯಲ್ಲಿ ಸುತ್ತಿಟ್ಟ ಬಾಲಯೇಸು, ಬಣ್ಣ ಮಾಸಿದ ಮೂವರು ಜ್ಞಾನಿಗಳು ಅದರೊಳಗಿದ್ದಾರೆ. ಎಲ್ಲಕ್ಕಿಂತ ಕೆಳಗೆ, ಲಕೋಟೆಯೊಳಗೆ, ಅಂಗೈಯಗಲದ ಕಾರ್ಡೊಂದಿದೆ. ತಂಗಿಯ ಮಕ್ಕಳು ಪ್ರತಿ ವರ್ಷವೂ "ಇದು ಯಾರು ಮಾಡಿದ್ದು ದೊಡ್ಡಮ್ಮ?" ಎಂದು ಕೇಳುತ್ತಾರೆ. "ನನ್ನ ವಿದ್ಯಾರ್ಥಿನಿ" ಎಂದಷ್ಟೇ ಹೇಳಿ ನಾನು ಮಾತು ತಿರುಗಿಸುತ್ತಾ ಬಂದಿದ್ದೇನೆ. ಈ ಸಲ ಪೂರ್ತಿಯಾಗಿ ಬರೆದುಬಿಡೋಣವೆಂದು ಕುಳಿತಿದ್ದೇನೆ.

ಆದರೆ ಆ ಕಾರ್ಡಿನ ಕತೆ ತಿಳಿಯಬೇಕಾದರೆ ಮೊದಲು ನಮ್ಮ ಕಡೆಯ ಹಬ್ಬದ ತಯಾರಿ ಎಂಥದೆಂಬುದನ್ನು ಹೇಳಬೇಕು. ದೂರದ ಊರುಗಳಲ್ಲಿ ಬೆಳೆದ ನಮ್ಮ ಮೊಮ್ಮಕ್ಕಳಿಗೆ ಕ್ರಿಸ್‌ಮಸ್ ಎಂದರೆ ಅಂಗಡಿಯಿಂದ ಬರುವ ಪ್ಲಾಸ್ಟಿಕ್ ಮರ ಮತ್ತು ಕೇಕು!

ನಮ್ಮದು ಬಂಟ್ವಾಳ ತಾಲೂಕಿನ ಒಂದು ಹಳ್ಳಿ. 1950ರ ದಶಕದಲ್ಲಿ ಹಬ್ಬಕ್ಕೆಂದು ಪೇಟೆಯಿಂದ ತರುತ್ತಿದ್ದುದು ಬಣ್ಣದ ಕಾಗದ, ಮೈದಾ, ಸಕ್ಕರೆ, ಒಣದ್ರಾಕ್ಷಿ ಇಷ್ಟೇ. ಮಿಕ್ಕಿದ್ದೆಲ್ಲ ಹಿತ್ತಿಲಿನದು. ನಕ್ಷತ್ರ ಕಟ್ಟುವ ಕೆಲಸ ಅಪ್ಪನದು. ಬಿದಿರನ್ನು ಸೀಳಿ, ಕಡ್ಡಿಗಳನ್ನು ಕತ್ತಿಯಿಂದ ನಯವಾಗಿ ಹೆರೆದು, ಐದು ಮೂಲೆಯ ಎರಡು ಚೌಕಟ್ಟು ಮಾಡಿ, ನಡುವೆ ಗಿಡ್ಡ ಕಡ್ಡಿಗಳನ್ನು ನಿಲ್ಲಿಸಿ ಉಬ್ಬಿಸಿ ಕಟ್ಟುತ್ತಿದ್ದರು. ಮೈದಾ ಅಂಟು ಕಾಯಿಸುವುದು ನಮ್ಮ ಪಾಲಿನ ಕೆಲಸ. ಜಿರಲೆ ತಿನ್ನದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತು. ಬಣ್ಣದ ಕಾಗದ ಸಾಲದೆ ಬಂದ ವರ್ಷ ಅಪ್ಪ ಬಿಳಿಯ ಕಾಗದಕ್ಕೆ ತೆಂಗಿನೆಣ್ಣೆ ಸವರಿ ಅಂಟಿಸಿದ್ದರು. ಒಳಗಿನ ಚಿಮಿಣಿ ದೀಪದ ಬೆಳಕು ಅದರ ಮೂಲಕ ಮಂದವಾಗಿ, ಹಳದಿಯಾಗಿ ಹೊರಬೀಳುತ್ತಿತ್ತು. ಮುಂದೆ ನಾನು ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವಾಗ 'ಅರೆಪಾರದರ್ಶಕ ವಸ್ತುವಿಗೆ ಉದಾಹರಣೆ: ಎಣ್ಣೆ ಸವರಿದ ಕಾಗದ' ಎಂಬ ಸಾಲು ಬಂದಾಗಲೆಲ್ಲ ಆ ನಕ್ಷತ್ರ ಕಣ್ಣೆದುರು ನಿಲ್ಲುತ್ತಿತ್ತು. (ಅಂದಹಾಗೆ, ಜರ್ಮನಿಯ ಪ್ರಸಿದ್ಧ ಕಾಗದದ ನಕ್ಷತ್ರವೂ ಹುಟ್ಟಿದ್ದು ಒಂದು ಶಾಲೆಯಲ್ಲಿಯೇ! 1830ರ ದಶಕದಲ್ಲಿ ನೀಸ್ಕಿ ಎಂಬ ಊರಿನ ಮೊರಾವಿಯನ್ ಶಾಲೆಯಲ್ಲಿ, ರೇಖಾಗಣಿತದ ಪಾಠವಾಗಿ.)

ಗೋದಲಿಗೆ ಹಸಿರು ಗದ್ದೆ ಬೇಕಷ್ಟೆ. ಹಬ್ಬಕ್ಕೆ ಎಂಟು ಹತ್ತು ದಿನ ಮುಂಚೆ ರಾಗಿಯನ್ನೂ ಭತ್ತವನ್ನೂ ನೆನೆಹಾಕಿ, ತೆಂಗಿನ ಗೆರಟೆಗಳಲ್ಲಿ ಹುಡಿಮಣ್ಣು ತುಂಬಿ ಬಿತ್ತುತ್ತಿದ್ದೆವು. ಡಿಸೆಂಬರ್ 24ರ ರಾತ್ರಿ ಅದು ಒಂದು ಗೇಣು ಎದ್ದು ನಿಂತಿರಬೇಕು. ಬೇಗ ಬಿತ್ತಿದರೆ ಹಳದಿಯಾಗಿ ಬಾಗುತ್ತಿತ್ತು, ತಡವಾದರೆ ಬೆತ್ಲೆಹೇಮಿನ ಕುರಿಗಳಿಗೆ ಉಪವಾಸ! 1223ರಲ್ಲಿ ಇಟಲಿಯ ಗ್ರೆಚಿಯೊ ಎಂಬಲ್ಲಿ ಸಂತ ಫ್ರಾನ್ಸಿಸರು ನಿಜವಾದ ಹುಲ್ಲು, ಎತ್ತು, ಕತ್ತೆಗಳನ್ನಿಟ್ಟು ಗೋದಲಿ ಮಾಡಿದ್ದರಂತೆ. ನಮ್ಮಲ್ಲಿ ಎತ್ತು ಕೊಟ್ಟಿಗೆಯಲ್ಲಿತ್ತು, ಹುಲ್ಲು ಮಾತ್ರ ಒಳಗೆ ಬರುತ್ತಿತ್ತು.

ಇನ್ನು ಕುಸ್ವಾರ್. ಹಬ್ಬಕ್ಕೆ ಮಾಡಿ, ತಟ್ಟೆಗಳಲ್ಲಿ ಜೋಡಿಸಿ ನೆರೆಹೊರೆಗೆ ಹಂಚುವ ತಿಂಡಿಗಳಿಗೆಲ್ಲ ಸೇರಿ ಮಂಗಳೂರು ಕಡೆಯ ಕ್ರೈಸ್ತರು ಹೇಳುವ ಹೆಸರು ಇದು. ನೆವ್ರಿ (ಘಟ್ಟದ ಮೇಲಿನವರ ಕರ್ಜಿಕಾಯಿ), ಅಕ್ಕಿಹಿಟ್ಟಿನ ಗೋಲಿಯಂಥ ಗುಳಿಯೊ, ಚಕ್ಕುಲಿ, ಹೂವಿನ ಅಚ್ಚಿನ ಕೊಕ್ಕಿಸಾಂ, ಸುರುಳಿಯಾದ ಕಿಡಿಯೊ. ಕೊಕ್ಕಿಸಾಂ ಎಂಬುದು ಕೇರಳದ ಅಚ್ಚಪ್ಪಂ, ಸಿಂಹಳದವರ ಕೋಕಿಸ್. ಅದರ ಅಚ್ಚು ಎಣ್ಣೆಯಲ್ಲಿ ಚೆನ್ನಾಗಿ ಕಾದಿರಬೇಕು. ಹಿಟ್ಟಿನಲ್ಲಿ ಅದ್ದುವಾಗ ಅಂಚು ಮುಳುಗಬಾರದು. ಮುಳುಗಿತೋ, ಹೂವು ಅಚ್ಚನ್ನು ಬಿಟ್ಟು ಬರಲೊಲ್ಲದು.

ಕಿಡಿಯೊ ಎಂದರೆ ಕೊಂಕಣಿಯಲ್ಲಿ ಹುಳುಗಳು ಎಂದರ್ಥ. ಹೆಸರು ಕೇಳಿ ಹೇಸಬೇಡಿ! ಮೈದಾವನ್ನು ತೆಂಗಿನಕಾಯಿ ಹಾಲಿನಲ್ಲಿ ಕಲಸಿ, ಚಿಕ್ಕ ಉಂಡೆ ಮಾಡಿ, ಬಾಚಣಿಗೆಯ ಹಲ್ಲಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಂದಕ್ಕೆ ಸುರುಳಿ ಸುತ್ತಿದರೆ ಮೈಮೇಲೆ ಗೆರೆಗೆರೆಯಾಗಿ ಮೂಡುತ್ತದೆ. ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸಿದರಾಯಿತು. ಅದಕ್ಕೆಂದೇ ಹೊಸ ಬಾಚಣಿಗೆಗಳನ್ನು ಅಮ್ಮ ಮಸಾಲೆ ಪೆಟ್ಟಿಗೆಯಲ್ಲಿ ಅಡಗಿಸಿಡುತ್ತಿದ್ದಳು. ಒಂದು ಸೇರು ಹಿಟ್ಟಿಗೆ ನೂರಾರು ಸುರುಳಿ. ಮನೆಮಂದಿಯೆಲ್ಲ ಚಾಪೆಯ ಸುತ್ತ ಕುಳಿತರೂ ನಡುರಾತ್ರಿಯಾಗುತ್ತಿತ್ತು. ಮರುದಿನ ಹೆಬ್ಬೆರಳು ಉರಿಯುತ್ತಿತ್ತು. ಹಾಲಿನಲ್ಲಿ ಕಲಸಿದ ಆ ಹಿಟ್ಟಿನ ಜಿಡ್ಡು ಎಷ್ಟು ತೊಳೆದರೂ ಬೆರಳಿನಿಂದ ಬೇಗ ಹೋಗುವಂಥದ್ದಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಕಾರ್ಡುಗಳು ನನ್ನ ಬಾಳಿನಲ್ಲಿ ಬಂದದ್ದು ಅಧ್ಯಾಪಿಕೆಯಾದ ಮೇಲೆ. ಹೆನ್ರಿ ಕೋಲ್ ಎಂಬವರು ಹಾರ್ಸ್ಲಿ ಎಂಬ ಚಿತ್ರಕಾರರಿಂದ ಬರೆಸಿದ ಮೊದಲ ಕ್ರಿಸ್‌ಮಸ್ ಕಾರ್ಡು ಲಂಡನ್ನಿನಲ್ಲಿ ಅಚ್ಚಾಗಿ ಮಾರಾಟಕ್ಕೆ ಬಂದದ್ದು 1843ರಲ್ಲಿ; ಮೋಗ್ಲಿಂಗ್ ಅವರು ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿದ್ದೂ ಅದೇ ವರ್ಷ. ಇದನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೆಂದು ನಿಮಗೆ ನೆನಪಿರಬಹುದು. ಕೋಲ್ ಅವರ ಕಾರ್ಡಿನ ಬೆಲೆ ಒಂದು ಶಿಲ್ಲಿಂಗ್. ನಮ್ಮ ಕಾರ್ಡುಗಳಿಗೆ ಬೆಲೆಯೇ ಇರಲಿಲ್ಲ. ಮದುವೆ ಕಾಗದದ ಬಿಳಿಯ ಹಿಂಬದಿ, ಸಿಗರೇಟು ಪ್ಯಾಕಿನ ಬೆಳ್ಳಿಕಾಗದ, ಪೆನ್ಸಿಲ್ ಹೆರೆದ ಸಿಪ್ಪೆಯ ಹೂವು. ಜರೀಗಿಡದ ಎಲೆಯನ್ನು ಕಾಗದದ ಮೇಲಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಬ್ರಿಲ್ ಶಾಯಿಯಲ್ಲಿ ಅದ್ದಿ, ಬಾಚಣಿಗೆಯ ಮೇಲೆ ಉಜ್ಜಿದರೆ ನೀಲಿ ಹನಿಗಳು ಚಿಮ್ಮಿ ಎಲೆಯ ಆಕಾರ ಬಿಳಿಯಾಗಿ ಉಳಿಯುತ್ತಿತ್ತು. ಜಾಣ ಮಕ್ಕಳು ಅರಳಿ ಎಲೆಯನ್ನು ಮೂರು ವಾರ ನೀರಿನಲ್ಲಿ ಕೊಳೆಯಿಸಿ, ಮೆಲ್ಲಗೆ ತೊಳೆದು, ನರಗಳ ಬಲೆಯನ್ನಷ್ಟೇ ಉಳಿಸಿ ಅಂಟಿಸುತ್ತಿದ್ದರು.

1983ರ ಡಿಸೆಂಬರಿನಲ್ಲಿ ಏಳನೆಯ ತರಗತಿಯ 41 ಮಕ್ಕಳಿಗೆ ಒಬ್ಬೊಬ್ಬರೂ ಒಂದು ಕಾರ್ಡು ಮಾಡಿ ತರಲು ಹೇಳಿದೆ. ಪಟ್ಟಣದ ವೃದ್ಧಾಶ್ರಮವೊಂದಕ್ಕೆ ಕಳುಹಿಸುವ ಯೋಚನೆ. ತರಗತಿಯಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮಕ್ಕಳೆಲ್ಲ ಇದ್ದರು; ಎಲ್ಲರೂ ಹುರುಪಿನಿಂದ ಮಾಡಿ ತಂದರು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಅರಳಿ ಎಲೆಯ ಬಲೆಯನ್ನು ಅಂಟಿಸಿ, ಅದರ ತುದಿಗೆ ಬೆಳ್ಳಿಕಾಗದದ ನಕ್ಷತ್ರವಿಟ್ಟು, ದುಂಡಾದ ಅಕ್ಷರಗಳಲ್ಲಿ 'ಕ್ರಿಸ್‌ಮಸ್ ಹಬ್ಬದ ಶುಭಾಶಯಗಳು' ಎಂದು ಬರೆದಿದ್ದಳು. ಕೆಳಗಿನ ಮೂಲೆಯಲ್ಲಿ ಒಂದು ಹೆಬ್ಬೆರಳಿನ ಗಾತ್ರದ ಎಣ್ಣೆಯ ಕಲೆ.

ನಾನು ಆ ಕಾರ್ಡನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, "ಇದೇನು, ಗೋಳಿಬಜೆ ಕಟ್ಟಿಕೊಂಡು ಬಂದ ಕಾಗದವಾ?" ಎಂದು ಕೇಳಿದೆ.

ತರಗತಿ ಗೊಳ್ಳೆಂದು ನಕ್ಕಿತು. ನಗಿಸಬೇಕೆಂದೇ ನಾನು ಹೇಳಿದ್ದು, ಅದನ್ನು ಮುಚ್ಚಿಡಲಾರೆ. "ನಾಳೆ ಬೇರೆ ಮಾಡಿಕೊಂಡು ಬಾ" ಎಂದೆ. ಅವಳು "ಹೂಂ ಟೀಚರ್" ಎಂದಳು. ಮರುದಿನ ಬರಿಗೈಯಲ್ಲಿ ಬಂದಳು. ಕೇಳಿದರೆ, "ಎಲೆ ಇಲ್ಲ ಟೀಚರ್" ಎಂದಳು. ಅರಳಿ ಎಲೆ ಕೊಳೆಯಲು ಮೂರು ವಾರ ಬೇಕೆಂಬುದನ್ನು ಮಕ್ಕಳಿಗೆ ಕಲಿಸಿದವಳು ನಾನೇ. ಆ ಕ್ಷಣದಲ್ಲಿ ಅದು ಹೊಳೆಯಲಿಲ್ಲ. ಅಸಡ್ಡೆ ಎಂದುಕೊಂಡು 40 ಕಾರ್ಡುಗಳನ್ನು ಕಟ್ಟಿ ಕಳುಹಿಸಿದೆ. 41ನೆಯದು ಕಪಾಟಿನಲ್ಲಿ ಹಾಜರಿ ಪುಸ್ತಕದ ಅಡಿ ಉಳಿಯಿತು.

ಆ ವರ್ಷ ನವೆಂಬರಿನಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಿದ್ದಳು. ಕುಸ್ವಾರ್ ಮಾಡುವವರಿಲ್ಲ. ಮಾವ್ಶಿ, ಎಂದರೆ ಅಮ್ಮನ ತಂಗಿ, ತಮ್ಮ ಮನೆಯಲ್ಲೇ ನಮ್ಮ ಪಾಲನ್ನೂ ಮಾಡಿಸುವೆನೆಂದು ಹೇಳಿ ಕಳುಹಿಸಿದ್ದರು. 23ರ ಸಂಜೆ ಡಬ್ಬಿಗಳನ್ನು ತರಲು ಹೋದೆ. ಹಿತ್ತಿಲಿನ ಮಾಡಿನಲ್ಲಿ ದೊಡ್ಡ ಬಾಣಲೆಯ ಮುಂದೆ ಹೆಂಗಸೊಬ್ಬರು ಕುಳಿತು ಕರಿಯುತ್ತಿದ್ದರು. ಪಕ್ಕದಲ್ಲಿ ದೀಪದ ಬುಡದಲ್ಲಿ, ಬಾಚಣಿಗೆಯನ್ನು ಮೊಣಕಾಲಿಗೆ ಒತ್ತಿ ಹಿಡಿದು, ಕಿಡಿಯೊ ಸುತ್ತುತ್ತಿದ್ದವಳು ಆ ಹುಡುಗಿ. ನನ್ನನ್ನು ಕಂಡೊಡನೆ ಎದ್ದು ನಿಂತಳು. ಎರಡು ಕೈಗಳನ್ನೂ ಬೆನ್ನ ಹಿಂದೆ ಅಡಗಿಸಿಕೊಂಡಳು.

ತಾಯಿಯ ಮುಖ ಅರಳಿತು. "ಟೀಚರ ಮನೆಗೆ ಅಂತ ಬಾಯಮ್ಮ ಹೇಳಿದ್ದರು. ನಿಮ್ಮದಕ್ಕೆ ಎಣ್ಣೆ ಹೊಸತೇ ಇಟ್ಟದ್ದು ನಾನು" ಎಂದರು. ಒಳಗಿನಿಂದ ಬಂದ ಮಾವ್ಶಿ, "ಹತ್ತು ದಿನವಾಯಿತು, ಮನೆಮನೆಗೆ ಹೋಗಿ ಮಾಡಿಕೊಡುತ್ತಿದ್ದಾರೆ. ರಾತ್ರಿ ಒಂದು ಗಂಟೆ, ಎರಡು ಗಂಟೆ. ಈ ಹುಡುಗಿಯ ಕೈ ಇಲ್ಲದಿದ್ದರೆ ನಿಮ್ಮ ಡಬ್ಬಿ ತುಂಬುತ್ತಿರಲಿಲ್ಲ" ಎಂದರು.

ಆಗ ನಾನು ಏನಾದರೂ ಹೇಳಬೇಕಿತ್ತು. "ಎಷ್ಟು ಡಬ್ಬಿ ಆಯಿತು?" ಎಂದು ಕೇಳಿ, ಎತ್ತಿಕೊಂಡು ಬಂದೆ.

ಮನೆಯಲ್ಲಿ ಅಮ್ಮ ಎಡಗೈಯಿಂದ ಒಂದು ಕಿಡಿಯೊ ತೆಗೆದು ಬೆಳಕಿಗೆ ಹಿಡಿದು ನೋಡಿದಳು. "ಗೆರೆ ಎಷ್ಟು ಸಣ್ಣಗೆ ಬಂದಿದೆ ನೋಡು! ಚಿಕ್ಕ ಬೆರಳಿನವರು ಯಾರೋ ಸುತ್ತಿದ್ದಾರೆ" ಎಂದಳು. ಆ ವರ್ಷ ನನಗೆ ಒಂದನ್ನೂ ತಿನ್ನಲಾಗಲಿಲ್ಲ. ಕನ್ನಡದಲ್ಲಿ 'ಕಲೆ' ಎಂಬ ಶಬ್ದಕ್ಕೆ ಎರಡು ಅರ್ಥವೆಂದು ನಾನಾರ್ಥದ ಪಾಠದಲ್ಲಿ ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದವಳು ನಾನೇ.

ರಜೆ ಮುಗಿದ ಮೇಲೆ ಬಣ್ಣದ ಪೆನ್ಸಿಲಿನ ಒಂದು ಹೊಸ ಪೆಟ್ಟಿಗೆ ಕೊಂಡುಹೋದೆ. ಎಲ್ಲರೂ ಊಟಕ್ಕೆ ಹೋದಾಗ ಅವಳನ್ನು ಕರೆದು ಕೊಡಹೋದರೆ, ಅವಳು ಅದನ್ನೊಮ್ಮೆ ನೋಡಿ, "ಬೇಡ ಟೀಚರ್, ನನ್ನ ಹತ್ತಿರ ಉಂಟು" ಎಂದಳು. ಅವಳ ಹತ್ತಿರ ಇರಲಿಲ್ಲ. 'ತಪ್ಪಾಯಿತು ಮಗು' ಎಂಬ ಎರಡು ಶಬ್ದ ನನ್ನ ನಾಲಗೆಯ ತುದಿಯವರೆಗೆ ಬಂದಿತ್ತು. ಆದರೆ ಆ ಕಾಲದಲ್ಲಿ ಮಕ್ಕಳ ಮುಂದೆ ತಪ್ಪೊಪ್ಪಿಕೊಳ್ಳುವ ರೂಢಿ ನಮ್ಮಂಥವರಿಗೆ ಇರಲಿಲ್ಲ; ಒಪ್ಪಿಕೊಂಡರೆ ತರಗತಿ ಹಿಡಿತ ತಪ್ಪುತ್ತದೆಂಬ ಭಯ. ಪೆಟ್ಟಿಗೆಯನ್ನು ಮೇಜಿನ ಸೆಳೆಖಾನೆಗೆ ಹಾಕಿದೆ.

ಏಳನೆಯ ತರಗತಿ ಮುಗಿಸಿ ಅವಳು ಶಾಲೆ ಬಿಟ್ಟಳು. ಬೀಡಿ ಕಟ್ಟುತ್ತಾಳೆಂದು ಕೇಳಿದೆ. ನಮ್ಮ ಜಿಲ್ಲೆಯ ಎಷ್ಟೋ ಹೆಣ್ಣುಮಕ್ಕಳ ಹಾಗೆ ಅವಳ ಬೆರಳುಗಳೂ ಎಲೆ ಸುರುಳಿ ಸುತ್ತತೊಡಗಿದವು. ಕೆಲವು ವರ್ಷಗಳ ಅನಂತರ ಒಮ್ಮೆ ಬಸ್ಸಿನಲ್ಲಿ ಸಿಕ್ಕಿದಳು. ಮಡಿಲಲ್ಲಿ ಬೀಡಿಯ ಕಟ್ಟು. "ಟೀಚರ್, ಸೌಖ್ಯವಾ?" ಎಂದು ತಾನಾಗಿಯೇ ಮಾತನಾಡಿಸಿ, ಸೀಟು ಬಿಟ್ಟುಕೊಟ್ಟಳು. ತಾಯಿಯ ಆರೋಗ್ಯ ವಿಚಾರಿಸಿದೆ, ಮಳೆಯ ಮಾತಾಡಿದೆ. ಅಷ್ಟರಲ್ಲಿ ಅವಳ ನಿಲ್ದಾಣ ಬಂತು. ಆಮೇಲೆ ಮದುವೆಯಾಗಿ ಘಟ್ಟದ ಮೇಲೆ ಹೋದಳೆಂದು ಯಾರೋ ಹೇಳಿದರು.

ಆ ಕಾರ್ಡನ್ನು ನಾನು ಕಪಾಟಿನಿಂದ ಮನೆಗೆ ತಂದದ್ದು ಅವಳು ಶಾಲೆ ಬಿಟ್ಟ ವರ್ಷವೇ. ಅಂದಿನಿಂದ ಇಂದಿನವರೆಗೆ ಪ್ರತಿ ಕ್ರಿಸ್‌ಮಸ್ಸಿಗೂ ಅದನ್ನು ಗೋದಲಿಯ ಪಕ್ಕದಲ್ಲಿ, ನಕ್ಷತ್ರದ ಕೆಳಗೆ ತೂಗುಹಾಕುತ್ತೇನೆ. ಬೆಳ್ಳಿಕಾಗದ ಕಪ್ಪಾಗಿದೆ, ಎಲೆಯ ಒಂದು ಬದಿ ಉದುರಿದೆ, ಅಕ್ಷರಗಳು ಮಾಸಿವೆ. ಕಳೆದ ವರ್ಷ ತಂಗಿಯ ಮೊಮ್ಮಗ, "ದೊಡ್ಡಜ್ಜಿ, ಇಲ್ಲಿ ಮಾತ್ರ ಬೆಳಕು ಕಾಣ್ತದೆ" ಎಂದು ಆ ಮೂಲೆಗೆ ಬೆರಳಿಟ್ಟು ತೋರಿಸಿದ. ಹಿಂದೆ ದೀಪ ಉರಿಯುತ್ತಿತ್ತು.

1983-84ರ ಆ ಏಳನೆಯ ತರಗತಿಯವರು ಇದನ್ನು ಓದುತ್ತಿದ್ದರೆ ನಿಮಗೆ ಆ ದಿನ ನೆನಪಿರಬಹುದು, ನಕ್ಕವರಿಗೆ ಮರೆತಿರಲೂಬಹುದು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾರಿಗಾದರೂ ಅವಳ ಮನೆ ಗೊತ್ತಿದ್ದರೆ ನನಗೆ ತಿಳಿಸಿ. ಎಪ್ಪತ್ತು ದಾಟಿದ ಕಾಲುಗಳಾದರೂ ಬಸ್ಸು ಹತ್ತಲು ಇನ್ನೂ ಬರುತ್ತದೆ. ಅವಳು ಬಾಗಿಲಲ್ಲಿ ನಿಲ್ಲಿಸಿಯೇ ಮಾತಾಡಿಸಿದರೂ ಸರಿಯೇ.

ನಿನ್ನೆ ರಾತ್ರಿ ರಾಗಿ ನೆನೆಹಾಕಿದ್ದೇನೆ. ಗೆರಟೆಗಳು ಜಗಲಿಯಲ್ಲಿವೆ, ಮಣ್ಣು ಜರಡಿ ಹಿಡಿದಾಗಿದೆ. ಕಿಡಿಯೊ ಸುತ್ತಲು ಭಾನುವಾರ ಮಕ್ಕಳೆಲ್ಲ ಬರುತ್ತಾರೆ. ಬಾಚಣಿಗೆ ಆರು ತರಿಸಿಟ್ಟಿದ್ದೇನೆ.