ಎಡಮಗ್ಗುಲು

ಬೆಳಿಗ್ಗೆ ಬಸ್ಸಿನಲ್ಲಿ ಪಕ್ಕದವರ ಮೊಬೈಲು ಊರಿಗೆಲ್ಲ ಕೇಳುವಂತೆ ಸಾರುತ್ತಿತ್ತು: ಹೊಟ್ಟೆಯೆಂದರೆ ಎರಡನೆಯ ಮೆದುಳಂತೆ. ಮೊದಲನೆಯದನ್ನೇ ಸಂಭಾಳಿಸಲಾಗದೆ ಒದ್ದಾಡುವವನಿಗೆ ಇದೊಂದು ಬೇರೆ! ಕರುಳಿನ ಗೋಡೆಯಲ್ಲಿ ನರಕೋಶಗಳು ಕೋಟಿಗಟ್ಟಲೆ ಇವೆ, ಸರಿ. ಅಷ್ಟಕ್ಕೇ ಬಡ್ತಿ ಕೊಡಬೇಕೆ?

ಮಿತವಾಗಿ ತಿನ್ನಿ, ಅಗಿದು ತಿನ್ನಿ ಎಂಬುದೆಲ್ಲ ಕೇಳಿ ಕೇಳಿ ಸಾಕಾಗಿದೆ, ಬಿಡಿ. ನನ್ನ ತಕರಾರು ಆರತಕ್ಷತೆಯ ಬಫೆಯ ಮೇಲೆ. ವಧೂವರರ ಪಕ್ಕ ಹಲ್ಲು ಕಿರಿದು ಫೋಟೊ ಮುಗಿಸುವಷ್ಟರಲ್ಲಿ ರಾತ್ರಿ ಹತ್ತು. ಪ್ಲೇಟಿನಲ್ಲಿ ಜಾಮೂನಿನ ಪಾಕ ಹರಿದು ಮೊಸರನ್ನಕ್ಕೆ ಸೇರುತ್ತಿರುತ್ತದೆ. ತಡೆಯೋಣವೆಂದರೆ ಒಂದು ಕೈಯಲ್ಲಿ ಪ್ಲೇಟು, ಇನ್ನೊಂದರಲ್ಲಿ ಚಮಚ, ಕಂಕುಳಲ್ಲಿ ತಾಂಬೂಲದ ಚೀಲ. ಪಂಕ್ತಿಯಲ್ಲಿ ಬಾಳೆಲೆಯ ಮುಂದೆ ಕೂತವನಿಗೆ ಈ ಸರ್ಕಸ್ಸು ಎಲ್ಲಿತ್ತು?

ಹೊತ್ತಾದರೂ ಎಂಥದು! ಗಟ್ಟಿ ಆಹಾರವನ್ನು ಮುಂದಕ್ಕೆ ತಳ್ಳುವ ಬೆಳಗಿನ ಚುರುಕು ಜಠರಕ್ಕೆ ರಾತ್ರಿ ಇರುವುದಿಲ್ಲ. ದೊಡ್ಡ ಕರುಳಂತೂ ಇರುಳೆಲ್ಲ ತೂಕಡಿಸಿ, ಬೆಳಿಗ್ಗೆ ಕಾಫಿ ಇಳಿದ ಮೇಲೆಯೇ ಮೈಮುರಿಯುವುದು. ಇನ್ನು ತಲೆಬುರುಡೆಯ ಬುಡದಿಂದ ಹೊಟ್ಟೆಯವರೆಗೆ ಇಳಿದು ಜಠರವನ್ನು ಆಡಿಸುವ ವೇಗಸ್ ನರವನ್ನು ಹಳೆಯ ಸಕ್ಕರೆ ಕಾಯಿಲೆ ಕೆಡಿಸಿಬಿಟ್ಟರೆ, ಮಧ್ಯಾಹ್ನದ ಅನ್ನ ಸಂಜೆಯಾದರೂ ಕೂತಲ್ಲೇ ಕೂತಿರುತ್ತದೆ. ನಾಲ್ಕು ತುತ್ತಿಗೇ ಹೊಟ್ಟೆ ಬಿರಿದಂತಾಗುತ್ತದೆ. ಪಾಪ, ಅಂಥವರಿಗೂ ನಾವು 'ಬರೀ ಗ್ಯಾಸ್ಟ್ರಿಕ್ಕು' ಎಂದು ಸೋಡಾ ಕುಡಿಸುತ್ತೇವೆ.

ಬಫೆ ಉಂಡವನು ಮನೆಗೆ ಬಂದವನೇ ದಿಂಬಿಗೆ ಬೀಳುತ್ತಾನೆ. ಬೀಳಲಿ, ಎಡಕ್ಕೆ ಬೀಳಲಿ. ಹಿರಿಯರು ಊಟವಾದ ಮೇಲೆ ವಾಮಕುಕ್ಷಿ ಎನ್ನುತ್ತಿದ್ದುದರಲ್ಲಿ ಹುರುಳಿದೆ. ಎಡಮಗ್ಗುಲಾದರೆ ಜಠರದ ಚೀಲ ಅನ್ನನಾಳದ ಬಾಯಿಗಿಂತ ಕೆಳಗಿರುತ್ತದೆ, ಹುಳಿ ಅಲ್ಲೇ ಉಳಿಯುತ್ತದೆ. ಬಲಕ್ಕೆ ಹೊರಳಿದರೆ ಬಾಯಿಯೇ ಕೆಳಗೆ, ಎದೆಯುರಿ, ಹುಳಿತೇಗು.

ಹೊತ್ತು, ಮಗ್ಗುಲು ಯಾವುದನ್ನೂ ಕೇಳದೆ ಅರಗಿಸಿಕೊಂಡವನು ಅಗಸ್ತ್ಯ ಮುನಿಯೊಬ್ಬನೇ. ಬಾದಾಮಿಗೆ ವಾತಾಪಿ ಎಂಬ ಹಳೆಯ ಹೆಸರಿದೆ, ಅಲ್ಲಿನ ಕೆರೆ ಅಗಸ್ತ್ಯತೀರ್ಥ. ಆ ಹೆಸರುಗಳ ಹಿಂದಿನ ಕಥೆಯಲ್ಲಿ ಅಸುರ ಇಲ್ವಲ ತನ್ನ ತಮ್ಮ ವಾತಾಪಿಯನ್ನು ಟಗರಾಗಿಸಿ, ಅಡಿಗೆ ಮಾಡಿ ಬಡಿಸುತ್ತಿದ್ದ. ಉಂಡವರ ಹೊಟ್ಟೆ ಸೀಳಿ ತಮ್ಮ ಎದ್ದು ಬರುತ್ತಿದ್ದ. ಅಗಸ್ತ್ಯನಲ್ಲಿ ಮಾತ್ರ ಅವನು ಏಳಲಿಲ್ಲ. ಬದಲಿಗೆ ಮುನಿಯಿಂದ ಗುಡುಗಿನಂಥ ಸದ್ದಿನೊಡನೆ ವಾಯು ಹೊರಟಿತೆಂದು ಮಹಾಭಾರತ ಮುಚ್ಚುಮರೆಯಿಲ್ಲದೆ ಹೇಳುತ್ತದೆ.

ಅಷ್ಟಕ್ಕೂ ಮುನಿ ಹೋದದ್ದು ಊಟಕ್ಕಲ್ಲ, ಹಣಕ್ಕೆ. ಹೆಂಡತಿ ಲೋಪಾಮುದ್ರೆ ಒಡವೆ ಕೇಳಿದ್ದಳು. ದಾರಿಯಲ್ಲಿ ಮೂವರು ಅರಸರು ಲೆಕ್ಕಪತ್ರ ತೋರಿಸಿ, ಜಮಾಖರ್ಚು ಸರಿಹೋಗಿದೆ, ಮಿಕ್ಕದ್ದೇನೂ ಇಲ್ಲವೆಂದು ಅವನ ಹಿಂದೆಯೇ ಹೊರಟಿದ್ದರು. ಆ ದಿನದ ಪಂಕ್ತಿಯಲ್ಲಿ ಅವರೂ ಇದ್ದರು, ಟಗರು ಯಾರೆಂದು ತಿಳಿದು ಮುಖ ಬಾಡಿಸಿಕೊಂಡು. ಮಾಂಸವನ್ನೆಲ್ಲ ಮುನಿಯೊಬ್ಬನೇ ತಿಂದ. ಜಮಾಖರ್ಚು ಸರಿದೂಗಿಸಿಕೊಂಡು ಬಂದ ಆ ಅರಸರಿಗೆ ಯಾರಾದರೂ ಒಂದು ಸೌಟು ಅನ್ನ ಹಾಕಿದರೋ, ಇಲ್ಲವೋ?