ಎತ್ತಿಗೆ ಜ್ವರ ಬರುವ ಮೊದಲೇ ಎಮ್ಮೆಗೆ ಬರೆ

ಫ್ರಾನ್ಸಿನ ಪೂರ್ವದಂಚಿನಲ್ಲಿ, ರೈನ್ ನದಿಯ ಮಗ್ಗುಲಲ್ಲಿರುವ ಸುಂದರ ನಗರ ಸ್ಟ್ರಾಸ್‌ಬರ್ಗ್. ನದಿ ದಾಟಿದರೆ ಜರ್ಮನಿ. ಹಳೆಯ ಪೇಟೆಯ ನಡುವೆ ಮರಳುಗಲ್ಲಿನ ಕೆಥೆಡ್ರಲ್ 142 ಮೀಟರ್ ಎತ್ತರಕ್ಕೆ ತಲೆಯೆತ್ತಿ ನಿಂತಿದೆ. ಅದರ ದಕ್ಷಿಣ ದ್ವಾರದಲ್ಲಿ ಇಬ್ಬರು ಸ್ತ್ರೀಯರ ಶಿಲ್ಪಗಳಿವೆ. ಕಿರೀಟ ತೊಟ್ಟವಳು ಕ್ರೈಸ್ತ ಧರ್ಮದ ಪ್ರತೀಕ. ಕಣ್ಣಿಗೆ ಬಟ್ಟೆ ಕಟ್ಟಿ, ಕೈಗೆ ಮುರಿದ ಈಟಿ ಕೊಟ್ಟು ನಿಲ್ಲಿಸಿದವಳು ಯಹೂದಿ ಧರ್ಮದ ಪ್ರತೀಕ. ಸುಮಾರು 1230ರ ಕೆತ್ತನೆಯಿದು. ಮೂಲ ಶಿಲ್ಪಗಳು ಈಗ ಪಕ್ಕದ ಮ್ಯೂಸಿಯಂನಲ್ಲಿವೆ. 'ಅವರು ಬೇರೆ, ನಾವು ಬೇರೆ' ಎಂಬ ಪಾಠವನ್ನು ಊರು ಹೀಗೆ ಕಲ್ಲಿನಲ್ಲೇ ಓದುತ್ತ ಬಂದಿತ್ತು.

1348ರಲ್ಲಿ ಯುರೋಪಿನಲ್ಲೆಲ್ಲ ಪ್ಲೇಗ್ ಮಾರಿ ಹಬ್ಬುತ್ತಿದ್ದಾಗ, ಯಹೂದಿಗಳು ಬಾವಿಗೆ ವಿಷ ಬೆರೆಸಿದರೆಂಬ ಗಾಳಿಸುದ್ದಿ ಅದಕ್ಕಿಂತ ಮುಂದೋಡಿತು. ಜಿನೀವಾ ಸರೋವರದ ದಡದ ಷಿಯೋನ್ ಕೋಟೆಯಲ್ಲಿ ಚಿತ್ರಹಿಂಸೆ ಕೊಟ್ಟು ಪಡೆದ 'ತಪ್ಪೊಪ್ಪಿಗೆ' ಸ್ಟ್ರಾಸ್‌ಬರ್ಗನ್ನೂ ತಲುಪಿತು. ಯಹೂದಿಗಳೂ ಪ್ಲೇಗಿನಿಂದ ಸಾಯುತ್ತಿದ್ದಾರೆ, ಯಹೂದಿಗಳೇ ಇಲ್ಲದ ನಾಡಿನಲ್ಲೂ ರೋಗವಿದೆ ಎಂದು ಪೋಪ್ ಆರನೆಯ ಕ್ಲೆಮೆಂಟ್ ಹೇಳಿದರೂ ಕೇಳುವವರಿರಲಿಲ್ಲ. ಯಹೂದಿಗಳ ರಕ್ಷಣೆಗೆ ನಿಂತ ನಗರಸಭೆಯನ್ನು ಕಸುಬುದಾರರ ಸಂಘಗಳು ಉರುಳಿಸಿದವು. 1349ರ ಫೆಬ್ರವರಿ 14ರಂದು ಯಹೂದಿಗಳನ್ನು ಅವರದೇ ಸ್ಮಶಾನದಲ್ಲಿ ಜೀವಂತ ಸುಡಲಾಯಿತು. ಸತ್ತವರು ಸುಮಾರು 2000 ಎನ್ನುತ್ತದೆ ಹಳೆಯ ವೃತ್ತಾಂತ.

ಅಂದಿಗೆ ಆ ಊರಿಗೆ ಪ್ಲೇಗ್ ಕಾಲಿಟ್ಟೇ ಇರಲಿಲ್ಲ!

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯುಂಟು. ಇಲ್ಲಿ ಜ್ವರಕ್ಕೆ ಮುನ್ನವೇ ಬರೆ ಬಿತ್ತು. ಹೆದರಿದ ಜನಕ್ಕೆ ಕಣ್ಣಿಗೆ ಕಾಣದ ರೋಗಕ್ಕಿಂತ ಕಾಣುವ ನೆರೆಯವನನ್ನು ದೂರುವುದು ಸುಲಭ. ಒಬ್ಬನ ಮೇಲೆ ಹೊರಿಸಿದ ತಪ್ಪು ಕುಲಕ್ಕೆಲ್ಲ ಅಂಟುವುದು ಇನ್ನೂ ಸುಲಭ. ಅದರಲ್ಲಿ ಲಾಭವೂ ಇತ್ತು. ಯಹೂದಿಗಳಿಗೆ ಕೊಡಬೇಕಿದ್ದ ಸಾಲವೆಲ್ಲ ರದ್ದಾಯಿತು. ಅವರ ಹಣ ಹಂಚಿಹೋಯಿತು. ಆದರೆ ಪ್ಲೇಗ್ ಮಾತ್ರ ತಪ್ಪಲಿಲ್ಲ. ಅದೇ ವರ್ಷ ಊರನ್ನು ಹೊಕ್ಕು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ರೋಗದ ನಿಜವಾದ ಅಪರಾಧಿಯಾದ ಬ್ಯಾಕ್ಟೀರಿಯಾವನ್ನು ಅಲೆಕ್ಸಾಂಡರ್ ಯೆರ್ಸಿನ್ ಪತ್ತೆಮಾಡಿದ್ದು 1894ರಲ್ಲಿ, ಹಾಂಕಾಂಗ್‌ನಲ್ಲಿ.

ಆಮೇಲೆಯೂ ಕಲಿತದ್ದು ಕಡಿಮೆ. ಫ್ರೆಂಚ್ ಕ್ರಾಂತಿಯ ಕಾಲದವರೆಗೂ ಇಲ್ಲಿ ಯಹೂದಿಗಳು ರಾತ್ರಿ ತಂಗುವಂತಿರಲಿಲ್ಲ. ಸಂಜೆ ಕೆಥೆಡ್ರಲ್‌ನಿಂದ ಕಹಳೆ ಊದಿದೊಡನೆ ಊರು ಬಿಡಬೇಕಿತ್ತು.

ಇಂದು ಅದೇ ನಗರದಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವಿದೆ. 1959ರಲ್ಲಿ ಸ್ಥಾಪನೆಯಾದ ಅದರ ಮುಂದೆ ಒಬ್ಬ ಸಾಮಾನ್ಯ ಮನುಷ್ಯನೂ ತನ್ನ ಸರ್ಕಾರದ ವಿರುದ್ಧ ದೂರು ಕೊಡಬಹುದು. ಪ್ರವಾಸಕ್ಕೆ ಬರುವ ಶಾಲಾ ಮಕ್ಕಳಿಗೆ ಕಣ್ಣು ಕಟ್ಟಿದ ಆ ಶಿಲ್ಪವನ್ನೂ ಈ ನ್ಯಾಯಾಲಯವನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸಬಹುದು. ಒಂದರಿಂದ ಇನ್ನೊಂದನ್ನು ಮುಟ್ಟಲು ಊರಿಗೆ ಹಿಡಿದದ್ದು ಏಳು ಶತಮಾನ.